ಇಂಜಿನ್ನಿಗೆ ಬಿದ್ದ ಅಕ್ಷತೆ

"ಕಣ್ಣು ಕಾಣ್ತಾವಾ ನಿಂಗೆ, ಇಲ್ಲ ಅವನ್ನೂ ಹಟ್ಟೀಲೇ ಬಿಟ್ಟು ಬಂದಿದೀಯಾ? ಇದೇನು ಗುಡಿಯಾ, ಗದ್ದಿಗೆಯಾ, ಅಕ್ಕಿ ಎರಚಾಕೆ? ಇಂಜಿನ್ ಇದು, ಇಂಜಿನ್."

"ಪೂಜೆ ಮಾಡ್ದೆ ಕಣೋ. ಆಯುಧ ಪೂಜೆ ಅಲ್ವಾ ಇವತ್ತು?"

"ಮುಚ್ಚಳ ತೆಗೆದಿರೋದು ಕಾಣ್ಲಿಲ್ವಾ?"

"ಕಾಣ್ತು. ಬಾಯಿ ತಕ್ಕಂಡಿತ್ತು. ಅದ್ಕೇ ಒಳಕ್ಕೆ ಹಾಕ್ದೆ."

ರಂಗಸ್ವಾಮಿ, ನಲವತ್ತೇಳು ವರ್ಷದ ಗಂಡಸು, ಹೊಳಲ್ಕೆರೆಯ ಅಡಿಕೆ ಮಂಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕ ಬರೆಯುವವನು, ತನ್ನದೇ ಮನೆಯ ಅಂಗಳದಲ್ಲಿ ತನ್ನದೇ ಕಾರಿನ ಮುಂದೆ, ಬೆರಳಿಗೆಲ್ಲ ಕೆಂಪು ಬಣ್ಣ ಮೆತ್ತಿಕೊಂಡು ನಿಂತಿದ್ದ. ಎದುರಿಗೆ ಅವನ ಅಕ್ಕ ಪಾಲಮ್ಮ, ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಇನ್ನೂ ಹೊಗೆಯಾಡುತ್ತಿರುವ ಊದುಬತ್ತಿ. ಬಾನೆಟ್ಟು ಎತ್ತಿ ನಿಲ್ಲಿಸಿತ್ತು. ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಉದ್ದನೆಯ ಟ್ಯಾಪೆಟ್ ಕವರನ್ನು ಬೆಳಿಗ್ಗೆ ಆರಕ್ಕೇ ಬಿಚ್ಚಿದ್ದ. ಅದಿದ್ದ ಜಾಗದಲ್ಲಿ ಈಗ ಎಣ್ಣೆಯಲ್ಲಿ ಅದ್ದಿದ ಕಪ್ಪು ಕಬ್ಬಿಣದ ತೋಳುಗಳು, ಅವುಗಳ ನಡುವೆ ಒಂದು ದಪ್ಪ ಸರಳು, ಸರಳಿನ ಮೇಲೆ ಮೂರು ಬೆರಳಿನಲ್ಲಿ ಎಳೆದ ಕುಂಕುಮ. ಬೋಲ್ಟು ಕೂರುವ ತೂತಿನಲ್ಲಿ ಒಂದು ಚೆಂಡುಹೂವು ನೆಟ್ಟಗೆ ನಿಂತಿತ್ತು. ಎಲ್ಲ ಕಡೆ ಅರಿಶಿನದ ಅಕ್ಕಿ. ಅವನು ನೋಡುತ್ತಿದ್ದ ಹಾಗೆಯೇ ಒಂದು ಕಾಳು ಎಣ್ಣೆಯ ಮೇಲೆ ನಿಧಾನವಾಗಿ ಜಾರಿ, ಮೂಲೆಯ ತೂತಿನ ಅಂಚಿನಲ್ಲಿ ಅರೆಗಳಿಗೆ ನಿಂತು, ಒಳಗೆ ಹೋಯಿತು. ಆ ತೂತು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಎಣ್ಣೆ ಕೆಳಗಿಳಿಯುವ ದಾರಿ ಅದು. ಅಲ್ಲಿಂದ ಇಂಜಿನ್ನಿನ ಹೊಟ್ಟೆಗೆ.

ಕಳೆದ ವರ್ಷ ಇದೇ ದಿನ ಮಂಡಿಯ ಮುಂದೆ ಎಲ್ಲರ ಗಾಡಿಗಳನ್ನೂ ಸಾಲಾಗಿ ನಿಲ್ಲಿಸಿ ಬಾನೆಟ್ಟು ತೆಗೆಸಿದ್ದರು. ಮಂಡಿಯ ಮೇಲ್ವಿಚಾರಕ ಪ್ರಭುಲಿಂಗ ಕುಂಕುಮದ ಬಟ್ಟಲು ಹಿಡಿದು ಒಂದೊಂದಾಗಿ ನೋಡಿಕೊಂಡು ಬಂದವನು ರಂಗಸ್ವಾಮಿಯ ಕಾರಿನ ಮುಂದೆ ನಿಂತು, "ಇದೇನಪ್ಪ ಇದು, ಇಂಜಿನ್ನೋ, ಮದುವೆ ಮನೆ ಒಲೆಯೋ?" ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಮರೆತುಹೋಗುತ್ತಿತ್ತೇನೋ. ತೋರುಬೆರಳನ್ನು ಆ ಕವರಿನ ಮೇಲೆ ಎಳೆದು, ಬಂದ ಕಪ್ಪು ಜಿಡ್ಡನ್ನು ಎಲ್ಲರಿಗೂ ತೋರಿಸಿ, ಕಾರಿನ ಮುಂದಿನ ಗಾಜಿಗೆ ಒತ್ತಿ, "ದೃಷ್ಟಿ ಆಗಬಾರದಲ್ಲ, ಬೊಟ್ಟು ಇಟ್ಟೀನಿ" ಎಂದಿದ್ದ. ಹಮಾಲರು ನಕ್ಕರು. ಚೀಲ ಹೊಲಿಯುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ರಂಗಸ್ವಾಮಿಯೂ ನಕ್ಕ. ಒಂದು ವರ್ಷ ಅದನ್ನು ಮರೆಯಲಿಲ್ಲ. ಮೊಬೈಲಿನಲ್ಲಿ ಯಾರೋ ಕವರು ಬಿಚ್ಚಿ ಬಣ್ಣ ಹೊಡೆಯುವುದನ್ನು ಹದಿನೈದು ಸಲ ನೋಡಿದ. ಶಾಖಕ್ಕೆ ಸುಲಿಯದ ಕೆಂಪು ಬಣ್ಣದ ಡಬ್ಬಿಯನ್ನು ಚಿತ್ರದುರ್ಗದಿಂದ ತರಿಸಿದ. ಸೀಮೆಎಣ್ಣೆಯಲ್ಲಿ ಉಜ್ಜಿ, ಮರಳು ಕಾಗದದಲ್ಲಿ ತಿಕ್ಕಿ, ಒಣಗಿಸಿ, ಎರಡು ಕೈ ಹೊಡೆದಿದ್ದ. ಹಿತ್ತಲಿನಲ್ಲಿ ಎರಡು ಇಟ್ಟಿಗೆಯ ಮೇಲೆ ಆ ಕವರು ಈಗ ಹಣ್ಣಿನ ಹಾಗೆ ಕೆಂಪಗೆ ಕೂತಿತ್ತು. ಮಂಡಿಯಲ್ಲಿ ಹನ್ನೊಂದಕ್ಕೆ ಪೂಜೆ. ಪ್ರಭುಲಿಂಗ ಬಾನೆಟ್ಟು ತೆಗೆಸಿ ನೋಡಬೇಕು, ಬೆರಳು ಎಳೆದು ನೋಡಬೇಕು, ಬೆರಳಿಗೆ ಏನೂ ಬರಬಾರದು. ಇಷ್ಟೇ ಅವನಿಗೆ ಬೇಕಾಗಿದ್ದುದು. ಇಷ್ಟನ್ನೂ ಈ ಮುದುಕಿ ಆಗಗೊಡಲಿಲ್ಲ.

"ಏನಾಗ್ತೈತೆ ಈಗ ಅದಕ್ಕೆ?" ಎಂದಳು ಪಾಲಮ್ಮ.

"ಏನಾಗ್ತೈತೆ ಅಂದ್ರೆ? ಹಿಂಗೇ ಚಾಲೂ ಮಾಡಿದ್ರೆ ಅಕ್ಕಿ ಹೋಗಿ ಎಣ್ಣೆ ದಾರಿಗೆ ಸಿಕ್ಕಂತೈತೆ. ಇಂಜಿನ್ ಕಚ್ಕಂತೈತೆ. ಗುಜರಿಗೆ ಹಾಕ್ಬೇಕಾಗ್ತೈತೆ."

"ನಾಕು ಕಾಳಿಗಾ?"

"ನಾಕು ಕಾಳಿಗೇ."

ಅವಳು ತಟ್ಟೆಯನ್ನು ತುಳಸಿ ಕಟ್ಟೆಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಇಂಜಿನ್ನಿನ ಕಡೆ ಬಾಗಿ ನೋಡಿದಳು. ಹೆದರಿದಂತೆ ಕಾಣಲಿಲ್ಲ. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಬಾಗೂರಿನ ಕಡೆಯ ಹಟ್ಟಿಯಲ್ಲಿ ರಾಗಿ ತುಂಬಿಟ್ಟ ನೆಲದೊಳಗಿನ ಹಗೇವು ತೆಗೆಯುವಾಗ, ಮೇಲಿನ ಮಣ್ಣು ಕೆದರಿ ಬಾಯಿಕಲ್ಲು ಎತ್ತಿದ ಕೂಡಲೇ, ಯಾರೂ ಆ ಗುಂಡಿಗೆ ಇಳಿಯುವ ಮುಂಚೆ, ಇವಳೇ ಮೊದಲು ಮುಂದೆ ಬಂದು ಮೂರು ಸಲ ಅಕ್ಷತೆ ಹಾಕುತ್ತಿದ್ದಳು. ಕುರಿ ಉಣ್ಣೆ ಕತ್ತರಿಸುವ ದಿನ ತೆರೆದ ಕತ್ತರಿಯ ಬಾಯಿಗೂ ಹಾಗೇ. ಮುಚ್ಚಿದ ಕತ್ತರಿಗೆ ಹಾಕುತ್ತಿರಲಿಲ್ಲ, ತೆರೆದು ಹಾಕುತ್ತಿದ್ದಳು. ಹಗೇವಿನ ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತಿದ್ದಾಗ ಆರು ವರ್ಷದ ರಂಗ ಅವಳ ಸೀರೆ ಹಿಡಿದುಕೊಂಡು, ಆ ಕತ್ತಲಿಗೆ ಅಕ್ಕಿ ಬೀಳುವುದನ್ನು ನೋಡುತ್ತಿದ್ದ. ಅವಳ ಈ ರೂಢಿ ಗೊತ್ತಿದ್ದೂ ಎಚ್ಚರಿಸದೆ ಹೋದದ್ದು ಈಗ ಅವನಿಗೆ ತನ್ನದೇ ಅಪರಾಧವೆನ್ನಿಸಿತು. ಮಂಡಿಗೆ ಒಯ್ಯೋಕೆ ಮುಂಚೆ ಮನೇಲಿ ನೀನೇ ಪೂಜೆ ಮಾಡಿಬಿಡಕ್ಕ ಎಂದು ನಿನ್ನೆ ಹೇಳಿದವನೂ ಅವನೇ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕವರು ಬಿಚ್ಚಿದ ಮೇಲೆ ಧೂಳು ಬೀಳಬಾರದೆಂದು ಇಂಜಿನ್ನಿನ ಮೇಲೆ ಹಳೆಯ ಪಂಚೆಯ ತುಂಡು ಹೊದಿಸಿದ್ದ. ಎರಡನೇ ಕೈ ಬಣ್ಣ ಹೊಡೆದು ಮುಗಿಸುವ ಹೊತ್ತಿಗೆ ಗಾಳಿ ಎದ್ದಿತು. ಪಕ್ಕದ ಸೈಟಿನಲ್ಲಿ ಸುರಿದಿದ್ದ ಮಣ್ಣು ಮೇಲೆದ್ದು ಹಸಿ ಬಣ್ಣದ ಕಡೆ ಬರುವುದನ್ನು ಕಂಡು ಓಡಿಬಂದು, ಇಂಜಿನ್ನಿನ ಮೇಲಿನ ಬಟ್ಟೆಯನ್ನೇ ಕಿತ್ತುಕೊಂಡು ಹೋಗಿ ಕವರಿಗೆ ಡೇರೆಯ ಹಾಗೆ ಕಟ್ಟಿದ್ದ. ಬಣ್ಣ ಉಳಿಯಿತು. ಇಂಜಿನ್ ಬತ್ತಲೆ ನಿಂತಿತು. ಆಗ ಪಾಲಮ್ಮ ಮೆಟ್ಟಿಲ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು. "ಧೂಳಿಗೇನೋ?" ಎಂದು ಕೇಳಿಯೂ ಇದ್ದಳು. ಇವನು ಹೂಂ ಎಂದಿದ್ದ. ಅಂದರೆ ಅವಳು ನೋಡಿದ್ದಾಳೆ. ಬಟ್ಟೆ ತೆಗೆದವನು ನೀನಲ್ವೇನೋ ಎಂದು ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು, ಅದಕ್ಕೆ ಅವನು ಉತ್ತರ ಸಿದ್ಧ ಮಾಡಿಕೊಂಡಿದ್ದ. ಅವಳು ಅನ್ನಲಿಲ್ಲ. 

ನೇತ್ರಾವತಿ ಅಡುಗೆಮನೆಯಿಂದ ಬಂದಳು. ಗಂಡ ಗೂಡಿನಿಂದ ಅಯಸ್ಕಾಂತದ ಕಡ್ಡಿ ತಂದು ಇಂಜಿನ್ನಿನೊಳಗೆ ಆಡಿಸುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ರೀ, ಅಕ್ಕಿ ಕಣ್ರೀ ಅದು. ಅಯಸ್ಕಾಂತಕ್ಕೆ ಅಂಟ್ಕಂತೈತಾ?"

"ನೀನು ಒಳಗೆ ಹೋಗು."

"ಹೋಗ್ತೀನಿ. ಎಷ್ಟು ದೊಡ್ಡ ಗಂಟಲು ತೆಗೀತಿದೀರಿ ಅಂತ ಹೇಳಾಕೆ ಬಂದೆ. ಪಕ್ಕದ ಮನೆ ಕಾಳಕ್ಕನೋರೆಲ್ಲ ಕಾಂಪೌಂಡಿಗೆ ಬಂದು ನಿಂತವ್ರೆ."

ಅವನು ಆ ಕಡೆ ತಿರುಗಲಿಲ್ಲ. ಪಾಲಮ್ಮ ಸೊಂಟದ ಎಲೆಅಡಿಕೆ ಚೀಲದಿಂದ ಮುಳ್ಳು ತೆಗೆಯುವ ಸಣ್ಣ ಚಿಮಟ ಹೊರಗೆ ತೆಗೆದು ಮುಂದೆ ಹಿಡಿದಳು. ಕುರಿಯ ಹಿಂದೆ ಅಲೆಯುವವರೆಲ್ಲ ಇಟ್ಟುಕೊಳ್ಳುವಂಥದು. ಹನ್ನೊಂದು ವರ್ಷದಿಂದ ಈ ಪಟ್ಟಣದ ಸಿಮೆಂಟಿನ ಮೇಲೆ ನಡೆಯುತ್ತಿದ್ದರೂ ಅದನ್ನು ಅವಳು ಬಿಟ್ಟಿರಲಿಲ್ಲ. "ಇದ್ರಾಗೆ ತೆಗಿ. ಇಲ್ಲಾಂದ್ರೆ ಪಕ್ಕಕ್ಕೆ ಸರಿ, ನಾನು ತೆಗೀತೀನಿ. ನನ್ನ ಕೈ ಸಣ್ಣವು" ಎಂದಳು. ಅವನು ಚಿಮಟ ಕಿತ್ತುಕೊಂಡ. ಮೊದಲನೇ ಕಾಳು ಬಂತು, ಎರಡನೆಯದು ಬಂತು. ಎಣ್ಣೆಗೆ ಬಿದ್ದ ಅಕ್ಕಿ ಆಗಲೇ ಕಂದು ತಿರುಗಿತ್ತು. ಒಂದೊಂದನ್ನೂ ಹಳೆಯ ಪೇಪರಿನ ಮೇಲೆ ಒರೆಸುತ್ತ ಹೋದ. ಬೆನ್ನು ನೋಯತೊಡಗಿತು. ಇದು ಪ್ರಭುಲಿಂಗನಿಗೆ ಗೊತ್ತಾದರೆ ಏನಾಗುತ್ತದೆ ಎಂಬುದು ಅವನ ತಲೆಯೊಳಗೆ ಆಗಲೇ ನಡೆದುಹೋಗುತ್ತಿತ್ತು, ಹಮಾಲರ ನಗು ಕೂಡ ಕೇಳಿಸುತ್ತಿತ್ತು. ಕಣ್ಣಿಗೆ ಕಾಣುವ ಕಾಳೆಲ್ಲ ಮುಗಿಯುವ ಹೊತ್ತಿಗೆ ಪೇಪರಿನ ಮೇಲೆ ಹತ್ತೊಂಬತ್ತು ಆಗಿತ್ತು.

"ಎಷ್ಟು ಹಾಕ್ದೆ?" ಎಂದು ಕೇಳಿದ.

"ಏನು?"

"ಅಕ್ಕಿ. ಎಷ್ಟು ಕಾಳು ಹಾಕ್ದೆ?"

ಪಾಲಮ್ಮನಿಗೆ ನಗು ಬಂತು. "ಅಕ್ಷತೆನಾ ಯಾರಾದ್ರೂ ಎಣಿಸಿ ಹಾಕ್ತಾರೇನೋ ಹುಚ್ಚ?"

ಆ ನಗು ಬರಬಾರದಿತ್ತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಚಿಕ್ಕಂದಿನಲ್ಲಿ ಅವನು ಕುರಿಮರಿಗೆ ಅಂಗಿ ತೊಡಿಸಿದಾಗ ನಕ್ಕ ಹಾಗೆಯೇ ಇತ್ತು. ಆದರೆ ಅವನ ಕಿವಿಯಲ್ಲಿ ಬೇರೆ ನಗುಗಳು ಮೊದಲೇ ತುಂಬಿಕೊಂಡಿದ್ದವು. ಒಳಗೆ ಹೋಗಿ ಸ್ಟೀಲ್ ತಟ್ಟೆಯೊಂದನ್ನು ತಂದು ಅವಳ ಮುಂದೆ ಕುಕ್ಕಿದ. ಹಿತ್ತಾಳೆ ತಟ್ಟೆಯಲ್ಲಿದ್ದ ಅಕ್ಷತೆಯ ಬಟ್ಟಲನ್ನು ಎತ್ತಿ ಅವಳ ಪಕ್ಕದಲ್ಲಿಟ್ಟ.

"ಹಾಕು. ಬೆಳಿಗ್ಗೆ ಹೆಂಗೆ ಹಾಕ್ದೆ ಹಂಗೇ ಹಾಕು. ಎಣಿಸಿ ನೋಡಾಣ."

"ರಂಗ, ಬ್ಯಾಡ."

"ಹಾಕು ಅಂದೆ. ಎಷ್ಟು ಒಳಗೆ ಹೋಗೈತೆ ಅಂತ ಗೊತ್ತಾಗಬೇಕೋ ಬ್ಯಾಡ್ವೋ? ಹಾಕಿದೋಳು ನೀನು, ಲೆಕ್ಕ ನೀನೇ ಕೊಡು."

ಅವಳು ಅಂಗಳದ ಕಲ್ಲಿನ ಮೇಲೆ ಕೂತಳು. ಮೂರು ಬೆರಳಿನಲ್ಲಿ ಅಕ್ಕಿ ತೆಗೆದು ತಟ್ಟೆಗೆ ಮೂರು ಸಲ ಹಾಕಿದಳು. ಸ್ಟೀಲಿನ ಮೇಲೆ ಅದು ಮಳೆಹನಿಯ ಹಾಗೆ ಸದ್ದು ಮಾಡಿತು. ಎಣಿಸು ಎಂದ. ಅವಳು ಒಂದೊಂದನ್ನೇ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಎಣಿಸಿದಳು. ಮೂವತ್ತೊಂದು. ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಪೇಪರಿನ ಅಂಚಿಗೆ ಬರೆದುಕೊಂಡ. ಮಂಡಿಯಲ್ಲಿ ಒಂದೇ ಚೀಲವನ್ನು ಮೂರು ಸಲ ತೂಗಿಸಿ ಬರೆಯುತ್ತಾರೆ, ಮೂರು ಸಲವೂ ಬೇರೆ ಬೇರೆ ಬಂದರೆ ತೂಗಿದವನಿಗೆ ಬೈಯುತ್ತಾರೆ. ಎರಡನೇ ಸಲ ಹದಿನೇಳು ಬಂತು. "ಮೂವತ್ತೊಂದು ಎಲ್ಲಿ, ಹದಿನೇಳು ಎಲ್ಲಿ? ಸರಿಯಾಗಿ ಹಾಕು" ಎಂದ. ಮೂರನೇ ಸಲ ತಟ್ಟೆಯ ಅಂಚು ತಪ್ಪಿ ಅರ್ಧಕ್ಕರ್ಧ ಕಾಳು ನೆಲಕ್ಕೆ ಬಿದ್ದವು. ನೆಲಕ್ಕೆ ಬಿದ್ದದ್ದನ್ನೂ ಎಣಿಸಬೇಕೇ ಎಂದು ಅವಳು ಕೇಳಿದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ಅವನಿಗೆ ಗೊತ್ತಾಗಲಿಲ್ಲ. ನೇತ್ರಾವತಿ ಬಾಗಿಲ ಚೌಕಟ್ಟಿಗೆ ಒರಗಿ, "ರೀ, ಸಾಕು ಮಾಡ್ರಿ. ನೋಡಾಕೆ ಆಗಾಕಿಲ್ಲ" ಎಂದಳು. ಇದು ಅವನಿಗೂ ಗೊತ್ತಿತ್ತು. ಅರವತ್ತೆರಡು ವರ್ಷದ ಹೆಂಗಸನ್ನು ನೆಲದ ಮೇಲೆ ಕೂರಿಸಿ ಅಕ್ಕಿ ಎಣಿಸುವ ಶಿಕ್ಷೆ ಕೊಡುತ್ತಿದ್ದೇನೆ ಎಂದು ಗೊತ್ತಿತ್ತು. ಹಳೆ ಎಣ್ಣೆ ಇಳಿಸಿ, ಡೀಸೆಲ್ಲಿನಲ್ಲಿ ತೊಳೆದು ಬಿಟ್ಟರೆ ಮುಗಿಯುವ ಕೆಲಸ ಇದು ಎಂದೂ ಗೊತ್ತಿತ್ತು. ಆದರೂ ನಿಲ್ಲಿಸುವುದು ಹೇಗೆ ಎಂದು ಗೊತ್ತಿರಲಿಲ್ಲ. ನಿಲ್ಲಿಸಿದರೆ ಬಟ್ಟೆಯ ಮಾತು ಆಡಬೇಕಾಗುತ್ತದೆ. "ಇನ್ನೊಂದು ಸಲ" ಎಂದ.

ಅವಳು ನಾಲ್ಕನೇ ಸಲ ಹಾಕಿ ಎಣಿಸತೊಡಗಿದಾಗ ಫೋನು ಬಡಿದುಕೊಂಡಿತು. ಕೈಗೆಲ್ಲ ಎಣ್ಣೆ. ತುಳಸಿ ಕಟ್ಟೆಯ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿ, ಸ್ಪೀಕರಿಗೆ ಹಾಕಿದ; ಮಾತು ಎಲ್ಲರಿಗೂ ಕೇಳುತ್ತಿತ್ತು.

"ಏನಪ್ಪ ರಂಗಸ್ವಾಮಿ, ಎಲ್ಲರ ಗಾಡೀನೂ ಬಂದವೆ. ನಿನ್ನ ಒಲೆ ಎಲ್ಲಿ?" ಪ್ರಭುಲಿಂಗನ ಹಿಂದೆ ಮೈಕಿನ ಹಾಡು, ಜನರ ಗದ್ದಲ.

"ಬರ್ತೀನಿ ಸರ್. ಸ್ವಲ್ಪ ತೊಂದ್ರೆ ಆತು. ಇಂಜಿನ್ ಒಳಕ್ಕೆ ಅಕ್ಕಿ ಬಿದ್ದೈತೆ."

"ಅಕ್ಕಿನಾ? ಹಂಗಾದ್ರೆ ಒಲೇನೇ ಅದು. ಬೇಯಿಸ್ಕಂಡು ಬಾ, ಊಟಕ್ಕಾಗ್ತೈತೆ." ಹಿಂದಿನಿಂದ ಯಾರೋ ನಕ್ಕರು. "ಯಾರು ಹಾಕಿದ್ದೋ?"

"ಮನೇಲಿ."

"ಮನೇಲಿ ಯಾರು? ಆ ಕೆಲಸದಮ್ಮನಾ? ಕಂಬಳಿ ಹೊದ್ಕಂಡು ಮೆಟ್ಟಿಲ ಮೇಲೆ ಕುಂತಿರ್ತಾರಲ್ಲ?"

ಎರಡು ವರ್ಷದ ಹಿಂದೆ ಪ್ರಭುಲಿಂಗ ಇದೇ ಅಂಗಳಕ್ಕೆ ಚಹಾಕ್ಕೆಂದು ಬಂದಿದ್ದ. ಪಾಲಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬರಿಗಾಲು, ಹೆಗಲ ಮೇಲೆ ಕರಿ ಕಂಬಳಿ, ಬಾಯಲ್ಲಿ ಎಲೆಅಡಿಕೆ. ಅವಳು ಎದ್ದು ಒಳಗೆ ಹೋದ ಮೇಲೆ ಅವನು, "ಇವರು?" ಎಂದು ಹುಬ್ಬು ಎತ್ತಿದ್ದ. ರಂಗಸ್ವಾಮಿ, "ಊರ ಕಡೆಯೋರು, ಮನೆಕೆಲಸಕ್ಕೆ ಇಟ್ಕಂಡೀವಿ" ಎಂದಿದ್ದ. ಯಾರೂ ಅವನ ಕುತ್ತಿಗೆ ಹಿಡಿದಿರಲಿಲ್ಲ. ಹಾಗೆ ಹೇಳದಿದ್ದರೆ ಏನೂ ನಷ್ಟವೂ ಇರಲಿಲ್ಲ. ಬಾಯಿಂದ ಉಗುಳು ಹಾರಿದ ಹಾಗೆ ಮಾತು ಹಾರಿತ್ತು. ಆಮೇಲೆ ಪ್ರಭುಲಿಂಗ ಆಗಾಗ, ನಿಮ್ಮನೆ ಕೆಲಸದಮ್ಮ ಇನ್ನೂ ಅದಾರಾ, ನಮಗೂ ಅಂಥೋರು ಒಬ್ರು ಬೇಕಿತ್ತು ಎಂದು ಕೇಳುವನು, ಇವನು ಅದಾರೆ ಸರ್ ಎನ್ನುವನು. ಎಷ್ಟೋ ಸಲ ಸರಿಪಡಿಸಬಹುದಿತ್ತು. ಒಂದೊಂದು ಸಲ ಬಿಟ್ಟಾಗಲೂ ಅದು ಇನ್ನಷ್ಟು ಗಟ್ಟಿಯಾಗುತ್ತ ಹೋಯಿತು. ತನ್ನ ಹೆಗಲ ಮೇಲಿನ ಕುರಿಮರಿ ಕೆಳಗಿಳಿಸಿ, ಇವನನ್ನು ಹೊತ್ತುಕೊಂಡು ಹಳ್ಳ ದಾಟಿಸಿ ಶಾಲೆಯ ಬಾಗಿಲಿಗೆ ಬಿಡುತ್ತಿದ್ದವಳು ಮಂಡಿಯ ಲೆಕ್ಕದಲ್ಲಿ ಕೆಲಸದವಳಾಗಿ ಉಳಿದಳು.

ಪಾಲಮ್ಮನ ಬೆರಳು ತಟ್ಟೆಯ ಮೇಲೆ ನಿಂತಿತ್ತು. ಅವಳು ತಲೆ ಎತ್ತಿರಲಿಲ್ಲ. ಬಾಗಿಲಲ್ಲಿ ನೇತ್ರಾವತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಲ್ಲ ಸರ್, ನಮ್ಮಕ್ಕ. ಇಷ್ಟು ಹೇಳುವುದಕ್ಕೆ ಬೇಕಾದಷ್ಟು ಹೊತ್ತು ಇತ್ತು.

"ಹಲೋ? ಅವರೇನೋ?"

"ಹೂಂ" ಎಂದ ರಂಗಸ್ವಾಮಿ. "ಅವಳೇ."

"ಬೈಬ್ಯಾಡಪ್ಪ ಪಾಪ, ಹಬ್ಬದ ದಿನ. ಹಳ್ಳಿಯೋರು, ಅವರಿಗೇನು ಗೊತ್ತಾಗ್ತೈತೆ ಇಂಜಿನ್ನು. ಒಂದು ಸೀರೆ ಕೊಟ್ಟು ಕಳಿಸು. ಬೇಗ ಬಾ ನೀನು."

ಫೋನು ನಿಂತಿತು. ಪಾಲಮ್ಮ ಉಳಿದ ಕಾಳುಗಳನ್ನು ಸರಿಸಿ ಎಣಿಸಿ ಮುಗಿಸಿದಳು.

"ಇಪ್ಪತ್ತಾರು" ಎಂದಳು. "ಬರ್ಕೋ."

ಅವನು ಬರೆದುಕೊಳ್ಳಲಿಲ್ಲ. ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದು, ನಲ್ಲಿಯಲ್ಲಿ ಕೈ ತೊಳೆದಳು. ಅರಿಶಿನ ಹೋಗುವ ತನಕ ಉಗುರಿನ ಸಂದಿಯನ್ನೆಲ್ಲ ತೊಳೆದಳು.

"ರಂಗ, ಎಷ್ಟು ವರ್ಷಾತೋ ನಾನು ನಿಮ್ಮನೇಲಿ ಕೆಲಸಕ್ಕೆ ಸೇರಿ?"

"ಈಗ ಅದೊಂದು ರಾಗ ತೆಗೀಬ್ಯಾಡ. ಆ ಮನುಷ್ಯ ಏನೋ ಅಂದ, ನಾನೇನೋ ಅಂದೆ. ಫೋನಾಗೆ ಎಲ್ಲ ಬಿಡಿಸಿ ಹೇಳಾಕಾಗ್ತೈತಾ? ಮಾಡೋದೆಲ್ಲ ಮಾಡಿ ಈಗ ನನ್ನ ಮೇಲೇ ತಿರುಗಿಸ್ತೀಯಾ?"

"ತಿರುಗಿಸಾಕಿಲ್ಲ. ಕೇಳ್ದೆ ಅಷ್ಟೇ." ನೇತ್ರಾವತಿಯ ಕಡೆ ತಿರುಗಿ, "ಬೇಳೆ ಬೆಂದಿರಬೇಕು ಕಣಮ್ಮ, ಇಳಿಸ್ಕೋ" ಎಂದಳು.

ಅವಳು ಗೇಟಿನ ಕಡೆ ನಡೆದಳು. ಕೈಯಲ್ಲಿ ಏನೂ ಇರಲಿಲ್ಲ. ರಂಗಸ್ವಾಮಿ ಆ ಕಡೆ ನೋಡದೆ ಇಂಜಿನ್ನಿಗೆ ಬಾಗಿದ. ಗೇಟಿನ ಚಿಲಕದ ಸದ್ದು ಕೇಳಿತು. ಕಾಳಕ್ಕನ ಮನೆಗೆ ಹೋಗಿ ಕೂತು ಅಳುತ್ತಾಳೆ, ಅಳಲಿ ಎಂದುಕೊಂಡ. ಬಂದ ಮೇಲೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಕೆಳಗಿನ ಬೋಲ್ಟು ಬಿಚ್ಚಿ ಹಳೆ ಎಣ್ಣೆಯನ್ನು ಬಾಣಲೆಗೆ ಇಳಿಸಿದ. ಎಣ್ಣೆಯ ಜೊತೆ ಎರಡು ಕಾಳು ಬಂದವು. ಡೀಸೆಲ್ ಹೊಯ್ದ. ಇನ್ನೊಂದು ಬಂತು. ಆಮೇಲೆ ಎಷ್ಟು ಹೊಯ್ದರೂ ಏನೂ ಬರಲಿಲ್ಲ. ಒಳಗೆ ಇನ್ನು ಇವೆಯೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ನಿನಗೆ ತಿಳುವಳಿಕೆ ಇಲ್ಲ, ನೀನು ಕೇಳಿ ಮಾಡಬೇಕಿತ್ತು, ನೀನು ಯಾವಾಗಲೂ ಹಿಂಗೇ. ಮಾತುಗಳು ಚೆನ್ನಾಗಿ ಹರಿತವಾಗಿದ್ದವು. ಹನ್ನೊಂದು ದಾಟಿತು. ಹನ್ನೆರಡೂ ಆಯಿತು. ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಅವಳು ಬರಲಿಲ್ಲ. ಬೈಯಬೇಕೆಂದರೂ ಎದುರಿಗೆ ಆಳಿಲ್ಲದೆ ಸಿಟ್ಟು ಹಳಸತೊಡಗಿತು.

ನೇತ್ರಾವತಿ ಎರಡು ಮನೆ ತಿರುಗಿ ಬಂದು ಗೇಟಿನಲ್ಲೇ ನಿಂತಳು. ಒಳಗೆ ಬರುವ ಮನಸ್ಸಿದ್ದಂತೆ ಕಾಣಲಿಲ್ಲ.

"ಕಾಳಕ್ಕ ಬಸ್‌ಸ್ಟ್ಯಾಂಡ್ ತನಕ ಜೊತೆಗೆ ಹೋಗಿದ್ರಂತೆ. ಅತ್ಗೆ ಹೊಸದುರ್ಗದ ಬಸ್ ಹತ್ತಿದ್ರಂತೆ. ಸಂಜೆ ಬರ್ತೀಯೇನಮ್ಮ ಅಂತ ಕೇಳಿದ್ದಕ್ಕೆ, ಕೆಲಸ ಬಿಟ್ಟೆ ಅಂದ್ರಂತೆ."

"ಬಾಗೂರಿಗೆ ಹೋಗಿರ್ತಾಳೆ. ದೊಡ್ಡಪ್ಪನ ಮನೇಲಿ ಇರ್ತಾಳೆ. ನಾಳೆ ಬರ್ತಾಳೆ."

"ಬಟ್ಟೆ ತೆಗೆದಿದ್ದು ನೀವು. ಕಿಟಕೀಲಿ ನಾನೂ ನೋಡ್ದೆ. ಅತ್ಗೆ ಅದನ್ನ ಬಾಯಿ ಬಿಡ್ಲಿಲ್ಲ ಅಂತ ನಾನೂ ಬಿಡ್ಲಿಲ್ಲ. ತಪ್ಪು ಮಾಡ್ದೆ" ಎಂದು ನೇತ್ರಾವತಿ ಅವನನ್ನು ದಾಟಿಕೊಂಡು ಒಳಗೆ ಹೋದಳು.

ಅವನು ಬಾಗೂರಿಗೆ ಫೋನು ಮಾಡಲಿಲ್ಲ. ಪ್ರಭುಲಿಂಗನಿಗೆ ಮಾಡಿದ. ತುಂಬ ಹೊತ್ತಿನ ಮೇಲೆ ಎತ್ತಿದ. ಮೈಕು ಇನ್ನೂ ಕೂಗುತ್ತಿತ್ತು, ಊಟಕ್ಕೆ ಎಲೆ ಹಾಕುತ್ತಿದ್ದಂತಿತ್ತು.

"ಸರ್, ಅವರು ನಮ್ಮಕ್ಕ."

"ಏನು? ಜೋರಾಗಿ ಹೇಳಪ್ಪ."

"ಅವರು ನಮ್ಮ ಸ್ವಂತ ಅಕ್ಕ ಸರ್. ಕೆಲಸದೋರಲ್ಲ. ನಾನು ಸುಳ್ಳು ಹೇಳಿದ್ದೆ."

"ಯಾರು? ಯಾರ ಮಾತು ಹೇಳ್ತಿದೀಯಾ ನೀನು?" ಎಂದ ಪ್ರಭುಲಿಂಗ. ಯಾರಿಗೋ ಪಾಯಸ ಈ ಕಡೆ ಬರಲಿ ಎಂದು ಕೂಗಿದ. "ಆಯ್ತು ಬಿಡು, ನಾಳೆ ಹೇಳುವಂತೆ. ಉಂಡು ಹೋಗು ಬಾ."

ಪಾಲಮ್ಮ ಮರುದಿನ ಬರಲಿಲ್ಲ. ಬಾಗೂರಿನಿಂದ ದೊಡ್ಡಪ್ಪ ತಾನೇ ಫೋನು ಮಾಡಿ, ಅವಳು ತನ್ನ ಮನೆಯಲ್ಲೂ ನಿಲ್ಲಲಿಲ್ಲವೆಂದೂ, ಶ್ರೀರಾಂಪುರದ ಕಡೆ ಯಾರದೋ ಕುರಿ ಕಾಯಲು ಹೋಗಿದ್ದಾಳೆಂದೂ, ರಂಗ ಬಂದರೆ ಯಾರ ಹಟ್ಟಿ ಅಂತ ಹೇಳಬೇಡಿ ಅಂದಿದ್ದಾಳೆಂದೂ ತಿಳಿಸಿದ. ದೀಪಾವಳಿಗೂ ಅವಳು ಬರಲಿಲ್ಲ.